ತಾರಿಯವರೆಗಿನ ರಸ್ತೆ

ಕುಮಟೆಯಿಂದ ಹೊರಟು ಹೊಲನಗದ್ದೆ, ಬಾಡ, ಗುಡೇಅಂಗಡಿ, ಕಾಗಾಲಗಳನ್ನು ದಾಟುವ ರಸ್ತೆಯು ಅಘನಾಶಿನಿ ಎಂಬ ಊರಿನಲ್ಲಿ ಅದೇ ಹೆಸರಿನ ಹೊಳೆಗೆ ಇಳಿದು ಮುಗಿಯುತ್ತದೆ. ಮುಗಿಯುತ್ತದೆ ಎಂಬುದು ನಕಾಶೆಯ ಮಾತು. ದಂಡೆಯಲ್ಲಿ ಬೈಕು ಹಿಡಿದುಕೊಂಡು ನಿಂತವರ ಲೆಕ್ಕದಲ್ಲಿ ಅದು ಎದುರಿನ ತದಡಿಯ ಬಂದರಿನಲ್ಲಿ ಮತ್ತೆ ದಡ ಹತ್ತಿ ಗೋಕರ್ಣಕ್ಕೆ, ಅಲ್ಲಿಂದ ಗಂಗಾವಳಿಗೆ, ಇನ್ನೊಂದು ಹೊಳೆಯಾಚೆಯ ಮಂಜುಗುಣಿಗೆ, ಕಡೆಗೆ ಅಂಕೋಲೆಗೆ ಹೋಗುತ್ತದೆ. ಅಘನಾಶಿನಿಗೂ ತದಡಿಗೂ ನಡುವಿನ ನೀರನ್ನು ದೋಣಿಯಲ್ಲಿ ದಾಟಬೇಕು. ಈ ದಾಟುವಿಕೆಗೆ ನಮ್ಮ ಕಡೆ ತಾರಿ ಎನ್ನುತ್ತಾರೆ. ಹೆಗಡೆಯ ಹತ್ತಿರ ತಾರಿಬಾಗಿಲು ಎಂಬ ಹೆಸರಿನ ಜಾಗವೇ ಇದೆ. ಹೆದ್ದಾರಿ ಹಿಡಿದು ಕುಮಟೆಯಿಂದ ಗೋಕರ್ಣಕ್ಕೆ ಹೋಗುವವರು ಮಿರ್ಜಾನ, ಹಿರೇಗುತ್ತಿಗಳ ಮೇಲಿಂದ ಮಾದನಗೇರಿಗೆ ಬಂದು ಎಡಕ್ಕೆ ತಿರುಗಿ, ಸಾಣಿಕಟ್ಟೆಯ ಉಪ್ಪಿನಾಗರಗಳನ್ನು ನೋಡುತ್ತ ಸುಮಾರು 30 ಕಿಲೋಮೀಟರು ಸಾಗಬೇಕು. ತಾರಿಯ ದಾರಿ ಅದರ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಆದರೆ ದೋಣಿಗಾಗಿ ಎಷ್ಟು ಹೊತ್ತು ಕಾಯಬೇಕು ಎಂಬುದನ್ನು ಯಾವ ಮೈಲುಗಲ್ಲೂ ಹೇಳುವುದಿಲ್ಲ.

ಈ ರಸ್ತೆಯ ಕುರಿತು ಬರೆಯಲು ನನಗಿರುವ ಅರ್ಹತೆ ಒಂದೇ. ನನ್ನ ಅಪ್ಪ ರಸ್ತೆ ಗ್ಯಾಂಗಿನಲ್ಲಿ ದಿನಗೂಲಿಯವನಾಗಿ ಸೇರಿ, ಮುಂದೆ ಖಾಯಂ ಆಗಿ, ನಿವೃತ್ತನಾಗುವವರೆಗೆ ಇದೇ ರಸ್ತೆಯ ಕೆಲವು ಕಿಲೋಮೀಟರುಗಳನ್ನು ಕಾಯ್ದವನು. ಮದುವೆಯಾಗಿ ಶಿರಸಿಗೆ ಬಂದ ಹೊಸತರಲ್ಲಿ ಅಪ್ಪ ರಸ್ತೆ ಕಾಯುತ್ತಾನೆ ಎಂದು ನಾನು ಹೇಳಿದಾಗ ನೆರೆಮನೆಯವರು ಅದನ್ನು ಯಾವುದೋ ಗೇಟಿನ ಕೆಲಸ ಎಂದುಕೊಂಡಿದ್ದರು. ಅವನ ಬಳಿ ಇದ್ದ ಸಾಮಾನು ಒಂದು ಪಿಕಾಸಿ, ಒಂದು ಸಲಿಕೆ, ಒಂದು ಹುಲ್ಲುಗತ್ತಿ, ಒಂದು ಹೆಡಿಗೆ. ಮಳೆಗಾಲದಲ್ಲಿ ಇವುಗಳ ಜೊತೆಗೆ ಕಂಬಳಿಕೊಪ್ಪೆ. ಸೈಕಲ್ಲಿನ ಹಿಂದೆ ಸಲಿಕೆಯನ್ನು ಅಡ್ಡ ಕಟ್ಟಿಕೊಂಡು ಅವನು ಹೊರಡುತ್ತಿದ್ದುದರಿಂದ ಎದುರಿಗೆ ಬಂದವರು ಸ್ವಲ್ಪ ದೂರದಿಂದಲೇ ಬದಿಗೆ ಸರಿಯುತ್ತಿದ್ದರು. ಇದನ್ನು ನಾನು ಬಹಳ ದಿನ ಗೌರವವೆಂದೇ ತಿಳಿದಿದ್ದೆ.

ಮೇ ತಿಂಗಳ ನಡುವಿನಿಂದ ಗಟಾರದ ಕೆಲಸ ಶುರುವಾಗುತ್ತಿತ್ತು. ಬೇಸಿಗೆಯಿಡೀ ಉದುರಿದ ಗೇರಿನ ಎಲೆ, ತೆಂಗಿನ ಗರಿ, ಅಂಗಳ ಗುಡಿಸಿದವರು ತಂದು ಹಾಕಿದ ಕಸ, ದನಗಳು ಹತ್ತಿ ಇಳಿದು ಜಾರಿಸಿದ ಕೆಮ್ಮಣ್ಣು ಇವೆಲ್ಲ ಸೇರಿ ಗಟಾರವು ನೆಲದ ಸಮಕ್ಕೆ ಬಂದಿರುತ್ತಿತ್ತು. ಅದನ್ನು ಮೊಣಕಾಲಿನ ಆಳಕ್ಕೆ ಮತ್ತೆ ಕಡಿಯಬೇಕು. ಕಡಿದ ಮಣ್ಣನ್ನು ರಸ್ತೆಯ ಬದಿಗೆ ಎಳೆದು ಹಾಕಬಾರದು, ಹೆಡಿಗೆಯಲ್ಲಿ ತುಂಬಿ ಆಚೆಗೆ ಒಯ್ಯಬೇಕು. ಬದಿಗೆ ಹಾಕಿದರೆ ಮೊದಲ ಮಳೆಗೇ ಅದು ಗಟಾರಕ್ಕೆ ಮರಳುತ್ತದೆ, ಇಲ್ಲವೇ ಅಲ್ಲಿಯೇ ಹುಲ್ಲು ಹುಟ್ಟಿ ಸಣ್ಣ ದಂಡೆಯಾಗಿ ರಸ್ತೆಯ ನೀರನ್ನು ರಸ್ತೆಯಲ್ಲಿಯೇ ಹಿಡಿದಿಡುತ್ತದೆ. ಅಪ್ಪ ಆ ಹುಲ್ಲುದಂಡೆಗಳನ್ನು ವೈರಿಗಳಂತೆ ಕಾಣುತ್ತಿದ್ದ. ಹತ್ತು ಹೆಜ್ಜೆಗೊಂದರಂತೆ ಅವುಗಳಲ್ಲಿ ಗೇಣಗಲದ ಓರೆ ಸೀಳು ತೆಗೆದು, ಸಲಿಕೆಯ ಬೆನ್ನಿನಿಂದ ಅದರ ತಳವನ್ನು ಬಡಿದು ನುಣುಪು ಮಾಡುತ್ತಿದ್ದ. ಸೀಳು ನೇರವಿದ್ದರೆ ನೀರು ಮುಂದಕ್ಕೆ ಹಾರಿ ಹೋಗುತ್ತದೆ. ಇಳಿಜಾರಿನ ಕಡೆಗೆ ಓರೆಯಾಗಿದ್ದರೆ ಮಾತ್ರ ಒಳಗೆ ತಿರುಗುತ್ತದೆ.

ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದುಹೋಗುವ ನೆಲದಲ್ಲಿ ರಸ್ತೆಯೆಂದರೆ ಮೊದಲು ನೀರಿನ ಲೆಕ್ಕ, ಆಮೇಲೆ ಗಾಡಿಯ ಲೆಕ್ಕ. ಒಂದೇ ಸಾಲಿನ ಡಾಂಬರು ರಸ್ತೆಯ ಅಗಲ 3.75 ಮೀಟರು. ಹೆಚ್ಚು ಮಳೆಯ ಪ್ರದೇಶದಲ್ಲಿ ಅದಕ್ಕೆ ನಡುವಿನಿಂದ ಎರಡೂ ಬದಿಗೆ ನೂರಕ್ಕೆ ಎರಡೂವರೆಯಷ್ಟು ಇಳಿಜಾರು ಇರಬೇಕೆಂಬುದು ಎಂಜಿನಿಯರರ ರೂಢಿ. ಲೆಕ್ಕ ಹಾಕಿದರೆ ಅಂಚಿಗಿಂತ ನಡು ಎತ್ತರವಾಗಿರಬೇಕಾದುದು ಸುಮಾರು ಐದು ಸೆಂಟಿಮೀಟರು ಮಾತ್ರ, ಅಂದರೆ ಎರಡು ಬೆರಳಿನ ಉದ್ದವೂ ಅಲ್ಲ, ಮೂರು ಬೆರಳಿನ ದಪ್ಪ. ಅಪ್ಪ ಇದನ್ನು ರಸ್ತೆಯ ಬೆನ್ನು ಎನ್ನುತ್ತಿದ್ದ. ಬೆನ್ನು ಸವೆದ ಜಾಗದಲ್ಲಿ ನೀರು ನಿಲ್ಲುತ್ತದೆ, ನಿಂತ ನೀರು ಡಾಂಬರಿನ ಸಣ್ಣ ಬಿರುಕಿನಿಂದ ಕೆಳಗಿನ ಜಲ್ಲಿ ಮತ್ತು ಕೆಮ್ಮಣ್ಣಿಗೆ ಇಳಿಯುತ್ತದೆ, ಮೇಲೆ ಚಕ್ರ ಹಾದಾಗಲೆಲ್ಲ ಆ ನೀರು ಪಿಚಕಾರಿಯಂತೆ ಚಿಮ್ಮಿ ಮಣ್ಣನ್ನು ಹೊರಗೆ ತರುತ್ತದೆ, ಒಳಗೆ ಟೊಳ್ಳಾಗುತ್ತದೆ, ನಾಲ್ಕಾರು ದಿನದಲ್ಲಿ ಹೊಂಡ. “ಡಾಂಬರ ಮಳೆಗೆ ಸಾಯುದಿಲ್ಲ, ನಿಂತ ನೀರಿಗೆ ಸಾಯ್ತದೆ” ಎಂದು ಅವನು ಹೇಳುತ್ತಿದ್ದುದನ್ನು ನಾನು ಆಗ ಕೇಳಿಸಿಕೊಂಡಿದ್ದೆನೇ ಹೊರತು ಅರ್ಥ ಮಾಡಿಕೊಂಡದ್ದು ತೀರ ಈಚೆಗೆ.

ಗಟಾರ ಮುಗಿದ ಮೇಲೆ ಕಲ್ಲುಗಳ ಸರದಿ. ಹೊಳೆಯಲ್ಲಿ ಸಿಗುವ ಚಿಪ್ಪನ್ನು ಸುಟ್ಟು ಮಾಡಿದ ಸುಣ್ಣವನ್ನು ನೀರಿನಲ್ಲಿ ಕದಡಿ, ತೆಂಗಿನ ನಾರಿನ ಕುಂಚದಿಂದ ಕಿಲೋಮೀಟರು ಕಲ್ಲುಗಳಿಗೆ ಬಳಿಯುವಾಗ ರಜೆಯಲ್ಲಿದ್ದ ನಾನೂ ಅವನ ಜೊತೆಗೆ ಹೋಗುತ್ತಿದ್ದೆ. ಕಲ್ಲಿನ ತಲೆಯ ಬಣ್ಣ ನೋಡಿ ರಸ್ತೆಯ ಅಂತಸ್ತು ಹೇಳಬಹುದು ಎಂಬುದನ್ನು ನಾನು ಕಲಿತದ್ದು ಆಗಲೇ: ಹಳದಿ ತಲೆಯಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ತಲೆಯಿದ್ದರೆ ರಾಜ್ಯ ಹೆದ್ದಾರಿ, ಕಪ್ಪು ತಲೆಯಿದ್ದರೆ ಜಿಲ್ಲೆಯ ರಸ್ತೆ. 2000ದ ಕೊನೆಯಲ್ಲಿ ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆ ಬಂದ ಮೇಲೆ ಕಿತ್ತಳೆ ತಲೆಯ ಕಲ್ಲುಗಳೂ ಒಳಗಿನ ಊರುಗಳಲ್ಲಿ ಕಾಣತೊಡಗಿದವು. ದೇಶದ ರಸ್ತೆಗಳನ್ನು ಹೀಗೆ ರಾಷ್ಟ್ರೀಯ, ಪ್ರಾಂತೀಯ, ಜಿಲ್ಲಾ, ಗ್ರಾಮ ಎಂದು ಶ್ರೇಣಿಯಾಗಿ ವಿಂಗಡಿಸಿದ್ದು 1943ರ ನಾಗಪುರ ಯೋಜನೆ. ಊರಿನ ಕಾಲುದಾರಿಗಳು ಗ್ರಾಮ ರಸ್ತೆಗೆ, ಗ್ರಾಮ ರಸ್ತೆಗಳು ಜಿಲ್ಲಾ ರಸ್ತೆಗೆ, ಅದು ಹೆದ್ದಾರಿಗೆ ಎಂಬ ಈ ಏರ್ಪಾಟಿನಲ್ಲಿ ನಮ್ಮಂಥ ರಸ್ತೆಯ ಕೆಲಸ ಕೇರಿಕೇರಿಯ ಜನವನ್ನು ಒಟ್ಟುಮಾಡಿ ದೊಡ್ಡ ರಸ್ತೆಗೆ ಒಪ್ಪಿಸುವುದು. ಹಳ್ಳಗಳು ಹೊಳೆಗೆ ಸೇರಿದಂತೆ ಎಂದು ಹೇಳಿಬಿಡಬಹುದಿತ್ತು. ಆದರೆ ಇಲ್ಲಿನ ಹೊಳೆಯಲ್ಲಿ ದಿನಕ್ಕೆರಡು ಬಾರಿ ನೀರು ಸಮುದ್ರದಿಂದ ಹಿಂದಕ್ಕೂ ಹರಿಯುತ್ತದೆ, ರಸ್ತೆಯ ಸ್ವಭಾವವೂ ಹಾಗೆಯೇ.

ಜಿಲ್ಲೆಯ ಚರಿತ್ರೆಯಲ್ಲಿ ಹೆಸರು ಪಡೆದ ರಸ್ತೆಗಳು ಬೇರೆ. ಅವೆಲ್ಲ ಘಟ್ಟ ಇಳಿದು ಬಂದರಿಗೆ ಹೋಗುವ ರಸ್ತೆಗಳು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಹತ್ತಿ ವ್ಯಾಪಾರಿಗಳ ಒತ್ತಾಯವಿತ್ತು. ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತುಹೋದಾಗ ಧಾರವಾಡ ಸೀಮೆಯ ಹತ್ತಿಗೆ ಬೇಡಿಕೆ ಏರಿತು, ಅದಕ್ಕೆ ಕಾರವಾರದ ಬಂದರು ಬೇಕಾಯಿತು. ಕುಮಟೆಯ ಮೇಲೆ ಹಡಗು ಹತ್ತಿದ ಹತ್ತಿಗೆ ಪರದೇಶದ ಪೇಟೆಯಲ್ಲಿ ‘ಕುಂಪ್ಟಾ’ ಎಂಬ ಹೆಸರೇ ಬಿದ್ದಿತ್ತು. ನಾನು ತವರಿಗೆ ಇಳಿದು ಬರುವ ದೇವಿಮನೆ ಘಟ್ಟದ ರಸ್ತೆಯೂ ಅಂಥ ಸಾಗಾಟದ ದಾರಿಯೇ. ಅದಕ್ಕೂ ಹಿಂದೆ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕಾಲದಲ್ಲಿ ಕಾಳುಮೆಣಸು ಹೊಳೆಗುಂಟ ಇಳಿದು ಹೋಗುತ್ತಿತ್ತು. ನಮ್ಮ ಕಾಲಕ್ಕೆ ಬಂದರೆ ಬಳ್ಳಾರಿಯ ಅದಿರು ಅರಬೈಲ್ ಘಟ್ಟ ಇಳಿದು ಬೇಲೆಕೇರಿಗೆ ಬಂತು, 2010ರಲ್ಲಿ ಜಪ್ತಿ ಮಾಡಿಟ್ಟ ಅದಿರೇ ಬಂದರಿನಿಂದ ಕಾಣೆಯಾಗಿ ದೊಡ್ಡ ಪ್ರಕರಣವಾಯಿತು. ಮೆಣಸಾಗಲಿ, ಹತ್ತಿಯಾಗಲಿ, ಅದಿರಾಗಲಿ, ಎಲ್ಲವೂ ಎಲ್ಲಿಂದಲೋ ಬಂದು ಇನ್ನೆಲ್ಲಿಗೋ ಹೋಗುವವು. ದಾರಿಯಲ್ಲಿ ಸಿಗುವ ನಮ್ಮ ಊರುಗಳಿಗೆ ಉಳಿದದ್ದು ಧೂಳು. ಕುಮಟೆಯಿಂದ ಅಘನಾಶಿನಿಗೆ ಹೋಗುವ ರಸ್ತೆಯಲ್ಲಿ ಹಾಗೆ ದೂರ ಹೋಗುವ ಸರಕು ಕಡಿಮೆ. ಅದರ ಮೇಲಿನ ಬಹುತೇಕ ಪ್ರಯಾಣಗಳು ಅರ್ಧ ಗಂಟೆಯೊಳಗೆ ಮುಗಿಯುವಂಥವು, ಸಂಜೆಗೆ ಮರಳುವಂಥವು. ಅದರ ಬಗ್ಗೆ ಯಾರೂ ಬರೆದಿಡದೇ ಇದ್ದುದಕ್ಕೆ ಇದೇ ಕಾರಣವಿರಬೇಕು.

ಬೆಳಗಿನ ಸದ್ದಿನಿಂದಲೇ ಯಾರು ಹೋದರೆಂದು ನಮ್ಮ ಜಗಲಿಯಲ್ಲಿ ಮಲಗಿದ್ದವರಿಗೆ ತಿಳಿಯುತ್ತಿತ್ತು. ಕತ್ತಲಿರುವಾಗಲೇ ಬರಿಗಾಲಿನ ಬಿರುಸಾದ ಹೆಜ್ಜೆ ಕೇಳಿಸಿದರೆ ಅವರು ಹಾಲಕ್ಕಿ ಒಕ್ಕಲಿಗರ ಹೆಂಗಸರು: ತಲೆಯ ಮೇಲೆ ಬಸಳೆ, ಹರಿವೆ, ಬದನೆಯ ಹೆಡಿಗೆ, ಕೊರಳ ತುಂಬ ಕರಿಮಣಿ, ನಡೆಯುವಾಗ ಮಣಿಗಳ ಸಣ್ಣ ಸದ್ದು. ಅವರು ಕುಮಟೆಯ ಪೇಟೆಗೆ ಹೋಗುವವರು. ಬೆಳಕು ಹರಿದ ಮೇಲೆ ಹೊಳೆಯ ಕಡೆಯಿಂದ ಹರಿಕಂತ್ರ ಹೆಂಗಸರು ಮೀನಿನ ಬುಟ್ಟಿಯೊಂದಿಗೆ ಮನೆಮನೆಗೆ ಬರುತ್ತಿದ್ದರು. ಬುಟ್ಟಿಯಲ್ಲಿ ತಾರ್ಲೆಯೋ ಬಂಗಡೆಯೋ ಶೆಟ್ಲಿ ಎನ್ನುವ ಸಿಗಡಿಯೋ ಎಂಬುದರ ಮೇಲೆ ನಮ್ಮ ಮನೆಯ ಆ ದಿನದ ಅಡುಗೆ ನಿಂತಿತ್ತು. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಂತ್ರದ ದೋಣಿಗಳು ಕಡಲಿಗೆ ಇಳಿಯುವಂತಿಲ್ಲದ ಕಾರಣ ಆ ಎರಡು ತಿಂಗಳು ಬುಟ್ಟಿಯಲ್ಲಿ ಒಣಮೀನು, ಇಲ್ಲವೇ ಹೊಳೆಯ ಮೀನು. ಗಟಾರದಲ್ಲಿ ನಿಂತಿದ್ದ ಅಪ್ಪನನ್ನು ಕಂಡು ಅವರಲ್ಲಿ ಹಿರಿಯಳೊಬ್ಬಳು, “ಅಣ್ಣಾ, ನಮ್ಮ ಕೇರಿ ಬದಿಗೂ ಒಂದ್ ಸಲಿಕೆ ಹಾಕೊ, ನಾವೇನ್ ಸರಕಾರಕ್ಕೆ ಬ್ಯಾಡ್ದವ್ರಾ?” ಎಂದು ಕೂಗಿ ಹೋಗುವಳು. ಅವರ ಕೇರಿಗೆ ಇಳಿಯುವ ದಾರಿ ಅಪ್ಪನ ಕಿಲೋಮೀಟರಿಗೆ ಸೇರಿದ್ದಲ್ಲ, ಪಂಚಾಯತಿಗೆ ಸೇರಿದ್ದು. ಆದರೂ ಭಾನುವಾರಗಳಲ್ಲಿ ಅವನು ಅಲ್ಲಿಗೆ ಹೋಗಿ ಬರುತ್ತಿದ್ದ, ಆ ವಾರ ಬುಟ್ಟಿಯ ತಳದ ಶೆಟ್ಲಿಗೆ ಆಯಿ, ಅಂದರೆ ನನ್ನ ಅಮ್ಮ, ದುಡ್ಡು ಕೊಡುತ್ತಿರಲಿಲ್ಲ. ಇದು ಲಂಚವೋ ಅಲ್ಲವೋ ಎಂದು ನಾನು ಇನ್ನೂ ತೀರ್ಮಾನಿಸಿಲ್ಲ.

ರಸ್ತೆಯು ಊರುಗಳನ್ನು ಬೆಸೆಯುತ್ತದೆ ಎಂದು ಬರೆಯುವುದು ಸುಲಭ. ಹಾಲಕ್ಕಿಗಳು, ಪಟಗಾರರು, ಹರಿಕಂತ್ರರು, ಅಂಬಿಗರು, ನಾಮಧಾರಿಗಳು, ಮುಕ್ರಿಗಳು, ಹವ್ಯಕರು, ಕೊಂಕಣಿಗರು, ಮುಸಲ್ಮಾನರು ಇವರೆಲ್ಲರ ಕೇರಿಗಳೂ ಇದೇ ರಸ್ತೆಗೆ ಬಾಯಿ ತೆರೆದಿದ್ದರೂ ಒಬ್ಬರ ಮನೆಯ ಒಳಗೆ ಇನ್ನೊಬ್ಬರು ಎಷ್ಟು ದೂರ ಹೋಗಬಹುದೆಂಬುದು ನನ್ನ ಬಾಲ್ಯದಲ್ಲಿ ಅಳೆದಿಟ್ಟಂತಿತ್ತು. ಅಂಗಳದವರೆಗೆ ಒಬ್ಬರು, ಜಗಲಿಯವರೆಗೆ ಒಬ್ಬರು. ರಸ್ತೆಯ ಮೇಲೆ ಮಾತ್ರ ಆ ಅಳತೆ ನಡೆಯುತ್ತಿರಲಿಲ್ಲ. ಟೆಂಪೋದಲ್ಲಿ ಯಾರ ಮಗು ಯಾರ ತೊಡೆಯ ಮೇಲೆ ಕೂರುತ್ತದೆ ಎಂಬುದನ್ನು ಜಾಗವೇ ನಿರ್ಧರಿಸುತ್ತಿತ್ತು. ಫಾಲ್ಗುಣದಲ್ಲಿ ತಲೆಗೆ ತುರಾಯಿ ಕಟ್ಟಿಕೊಂಡ ಹಾಲಕ್ಕಿಗಳ ಸುಗ್ಗಿಯ ಮೇಳ ಗುಮಟೆ ಬಡಿಯುತ್ತ ಊರಿಂದೂರಿಗೆ ನಡೆಯುವಾಗ ಬಸ್ಸು ಅವರ ಹಿಂದೆ ನಡಿಗೆಯ ವೇಗದಲ್ಲಿಯೇ ಬರುತ್ತಿತ್ತು, ಹಾರ್ನ್ ಹಾಕುವ ಧೈರ್ಯ ಯಾವ ಚಾಲಕನಿಗೂ ಇರಲಿಲ್ಲ. ಇಷ್ಟನ್ನು ಬೆಸುಗೆ ಎನ್ನಬಹುದಾದರೆ ಎನ್ನಬಹುದು.

ಬಸ್ಸಿನ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟಿನ ಹಣವಿಲ್ಲ. ಆ ಮೇಲೆ ಧರ್ಮಸ್ಥಳಕ್ಕೆ, ಹುಬ್ಬಳ್ಳಿಗೆ ಹೋದವರ ಸುದ್ದಿ ಎಲ್ಲೆಡೆ ಬಂತು. ನಾನು ನಮ್ಮ ರಸ್ತೆಯಲ್ಲಿ ಕಂಡದ್ದು ಇದಕ್ಕಿಂತ ಚಿಕ್ಕದು. ಬಾಡದಿಂದ ಕುಮಟೆಗೆ ಸೊಪ್ಪು ಒಯ್ಯುವವರು ಮೊದಲು ಎರಡು ದಿನದ ಮಾಲನ್ನು ಒಂದೇ ದಿನಕ್ಕೆ ಕೂಡಿಡುತ್ತಿದ್ದರು, ಹೋಗಿಬರುವ ಖರ್ಚು ಹುಟ್ಟಬೇಕಲ್ಲ. ಈಗ ಎರಡೇ ಕಟ್ಟು ಹರಿವೆಯಿದ್ದರೂ ಹೊರಡುತ್ತಾರೆ. ಸೊಪ್ಪು ಬಾಡುವುದಕ್ಕೆ ಮೊದಲೇ ಪೇಟೆ ಸೇರುತ್ತದೆ. ಮೀನಿನ ಬುಟ್ಟಿಯವರಿಗೆ ಮಾತ್ರ ಇದು ಅಷ್ಟು ಸಲೀಸಲ್ಲ, ವಾಸನೆಯ ಮೇಲೆ ಜಗಳ ಹತ್ತುತ್ತದೆ. ಅವರು ಇಂದಿಗೂ ದುಡ್ಡು ಕೊಟ್ಟು ಟೆಂಪೋದ ಹಿಂಬದಿಯಲ್ಲಿ ಕುಳಿತು ಬರುತ್ತಾರೆ.

ಕಾಗಾಲ ದಾಟಿದ ಮೇಲೆ ಹೊಳೆಯ ಬದಿಯಲ್ಲಿ ಗಜನಿಗಳು ತೆರೆದುಕೊಳ್ಳುತ್ತವೆ. ಗಜನಿಯೆಂದರೆ ಭರತದ, ಅಂದರೆ ಸಮುದ್ರ ಉಕ್ಕುವ ಹೊತ್ತಿನ, ಉಪ್ಪುನೀರು ಹತ್ತಿ ಬರುವ ತಗ್ಗಿನ ಗದ್ದೆ. ಇಲ್ಲಿ ಬೆಳೆಯುವ ಕಗ್ಗ ಭತ್ತ ಉಪ್ಪನ್ನೂ ತಾಳುತ್ತದೆ, ಕೆಲವು ದಿನ ನೀರಿನಲ್ಲಿ ಮುಳುಗಿದರೂ ಬದುಕುತ್ತದೆ, ಆಳೆತ್ತರಕ್ಕೆ ಹತ್ತಿರ ಬೆಳೆಯುತ್ತದೆ. ಜೂನಿನ ಮಳೆ ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬರಿಸಿದ ಬೀಜವನ್ನು ಎರಚುತ್ತಾರೆ. ಗೊಬ್ಬರವಿಲ್ಲ, ಔಷಧವಿಲ್ಲ, ಹೊಳೆ ತಂದು ಹಾಕಿದ ಗೋಡುಮಣ್ಣೇ ಗೊಬ್ಬರ. ಕೊಯ್ಲಾದ ಮೇಲೆ ಕಟ್ಟೆಯ ಹಲಗೆ ಎತ್ತಿ ಉಪ್ಪುನೀರನ್ನು ಒಳಗೆ ಬಿಟ್ಟರೆ ಅದರ ಜೊತೆಗೇ ಶೆಟ್ಲಿ, ಏಡಿ, ಮೀನಿನ ಮರಿಗಳು ಬರುತ್ತವೆ, ಉಳಿದ ಕೂಳೆಯನ್ನು ತಿಂದು ಬೆಳೆಯುತ್ತವೆ. ಒಬ್ಬನ ಗದ್ದೆಗೆ ಬೇರೆ ಕಟ್ಟೆ ಎಂಬುದಿಲ್ಲ, ಇಡೀ ಗಜನಿಗೆ ಒಂದೇ ಕಟ್ಟೆ, ಅದರ ಬಾಗಿಲು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದು ಊರಿನವರು ಕೂಡಿ ಮಾಡಬೇಕಾದ ತೀರ್ಮಾನ. ಕಟ್ಟೆ ಒಡೆದದ್ದು, ಶೆಟ್ಲಿಗೆ ಒಳ್ಳೆಯ ದರ ಬಂದದ್ದು, ಕೃಷಿಗೆ ಆಳು ಸಿಗದೇ ಹೋದದ್ದು ಹೀಗೆ ಒಂದೊಂದು ಕಾರಣಕ್ಕೆ ಒಂದೊಂದು ಗಜನಿ ಕಗ್ಗವನ್ನು ಕೈಬಿಟ್ಟಿತು.

ಈ ಗಜನಿಗೂ ರಸ್ತೆಗೂ ಹಳೆಯ ತಕರಾರಿದೆ. ತಗ್ಗಿನ ನೆಲದಲ್ಲಿ ಮಣ್ಣು ಏರಿಸಿ ಹಾಕಿದ ರಸ್ತೆಯು ತಾನಾಗಿ ಒಂದು ಕಟ್ಟೆಯೇ ಆಗುತ್ತದೆ. ಗುಡ್ಡದ ಕಡೆಯ ಮಳೆನೀರು ಹೊಳೆಗೆ ಹೋಗಬೇಕಾದರೆ ಅದಕ್ಕಿರುವ ದಾರಿ ರಸ್ತೆಯ ಅಡಿಯ ಮೋರಿ ಒಂದೇ. ಮೋರಿ ಕಿರಿದಾದರೆ ಮೇಲಿನ ತೋಟದಲ್ಲಿ ನೀರು ನಿಲ್ಲುತ್ತದೆ, ಅಗಲವಾದರೆ ಭರತದ ಹೊತ್ತಿಗೆ ಉಪ್ಪುನೀರು ಅದೇ ದಾರಿಯಲ್ಲಿ ಹಿಂದಕ್ಕೆ ಹತ್ತಿ ಬಾವಿ ಕೆಡುತ್ತದೆ. ನಮ್ಮ ಮನೆಯ ಮುಂದಿನ ಗಟಾರವೂ ಇಂಥ ಒಂದು ಮೋರಿಗೇ ಹೋಗಿ ಸೇರುತ್ತದೆ. ಹೊಳೆಯಲ್ಲಿ ನೀರು ಏರಿದಾಗ ನಮ್ಮ ಗಟಾರದ ನೀರು ಮುಂದೆ ಹೋಗಲಾರದೆ ಸುಮ್ಮನೆ ನಿಂತು ತುಂಬಿಕೊಳ್ಳುತ್ತಿತ್ತು, ಹೊಳೆ ಇಳಿಯತೊಡಗಿದ ಕೂಡಲೇ ಸರಸರನೆ ಹರಿಯುತ್ತಿತ್ತು. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಈ ಏರಿಳಿತ ಹೆಚ್ಚು. ಒಂದು ಭರತದಿಂದ ಮತ್ತೊಂದಕ್ಕೆ ಸುಮಾರು ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷ. ಹಾಗಾಗಿ ಇಂದಿನ ಹೊತ್ತು ನಾಳೆಗೆ ಮುಕ್ಕಾಲು ಗಂಟೆಗಿಂತ ತುಸು ಹೆಚ್ಚು ಮುಂದೆ ಹೋಗುತ್ತದೆ. ಮನೆಯಲ್ಲಿ ಗಡಿಯಾರ ಕೆಟ್ಟಿದ್ದ ಒಂದು ಮಳೆಗಾಲವಿಡೀ ಆಯಿ ಗಟಾರ ನೋಡಿ ಹೊತ್ತು ಹೇಳಿದ್ದುಂಟು. ಅದು ಯಾವಾಗಲೂ ಸರಿಯಾಗಿರುತ್ತಿತ್ತು ಎಂದು ನಾನು ಹೇಳಲಾರೆ. ಎರಡು ಸಲ ನಮಗೆ ಶಾಲೆ ತಪ್ಪಿತು.

ಇಳಿತದ ಹೊತ್ತಿಗೆ ಹೊಳೆ ಕಡಲು ಸೇರುವ ಅಳಿವೆಯಲ್ಲಿ ಮರಳದಿಬ್ಬಗಳು ಎದ್ದಾಗ ಗಂಡಸರೂ ಹೆಂಗಸರೂ ಸೊಂಟದ ನೀರಿನಲ್ಲಿ ನಿಂತು ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕುತ್ತಾರೆ. ಅಘನಾಶಿನಿ ಶಿರಸಿಯ ಕಡೆ ಹುಟ್ಟಿ ಉಂಚಳ್ಳಿಯಲ್ಲಿ ಧುಮುಕಿ ಇಲ್ಲಿಗೆ ಬರುವವರೆಗೆ ಎಲ್ಲಿಯೂ ಅಣೆಕಟ್ಟು ಕಾಣದ ಹೊಳೆ. ಶಿರಸಿಯ ನನ್ನ ಮನೆಯ ಅಂಗಳದ ಮಳೆನೀರೂ ಕೊನೆಗೆ ತವರಿಗೇ ಹೋಗುತ್ತದೆಂದು ನಾನು ಅತ್ತೆಯವರೊಡನೆ ತಮಾಷೆ ಮಾಡುವುದುಂಟು. ತದಡಿಯಲ್ಲಿ 4,000 ಮೆಗಾವಾಟಿನ ಉಷ್ಣವಿದ್ಯುತ್ ಸ್ಥಾವರ ಕಟ್ಟುವ ಪ್ರಸ್ತಾಪ ಬಂದಾಗ ಮೀನುಗಾರರೂ ಬಳಚು ಹೆಕ್ಕುವವರೂ ಗಜನಿಯವರೂ ಒಟ್ಟಾಗಿ ವಿರೋಧಿಸಿದರು, ಅದು ಬಿದ್ದುಹೋಯಿತು. ಬಳಿಕ ದೊಡ್ಡ ಬಂದರಿನ ಮಾತು ಬಂತು. 2024ರ ಜನವರಿ ಕೊನೆಗೆ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್‌ಸರ್ ಪಟ್ಟಿಗೆ ಸೇರಿತು. ಪಟ್ಟಿಗೆ ಸೇರಿದ್ದರಿಂದ ಬಳಚು ಹೆಚ್ಚಾಯಿತೇ ಎಂದು ಅಘನಾಶಿನಿಯ ದಂಡೆಯಲ್ಲಿ ಕೇಳಿದರೆ ಜನ ನಗುತ್ತಾರೆ.

ಹೊಳೆ ದಾಟಲು ಸೇತುವೆ ಬೇಕೆಂಬ ಮಾತು ನಾನು ಹುಟ್ಟುವ ಮೊದಲಿನದು. ಉತ್ತರದ ಕಡೆ ಗಂಗಾವಳಿ ಮತ್ತು ಮಂಜುಗುಣಿಗಳ ನಡುವೆ ಈಗ ಸೇತುವೆ ಇದೆ. ಅದು ವರ್ಷಗಟ್ಟಲೆ ಅರೆಬರೆಯಾಗಿ ನಿಂತಿದ್ದನ್ನು ಕಂಡವರಿಗೆ ಅದರ ಮೇಲೆ ಗಾಡಿ ಓಡಿದ್ದೇ ಅಚ್ಚರಿ. ಗೋಕರ್ಣದ ಕಡೆಯವರು ಅಂಕೋಲೆಗೆ ಹೋಗುವ ಹಾದಿ ಅದರಿಂದ ಬಹಳ ಹತ್ತಿರವಾಯಿತು. ಆ ದಡದ ನನ್ನ ಗೆಳತಿಯೊಬ್ಬಳ ಮನೆಯವರು ತಾರಿಯ ದೋಣಿಯಲ್ಲಿ ದುಡಿಯುತ್ತಿದ್ದವರು. ಸೇತುವೆ ಬಂದದ್ದು ಒಳ್ಳೆಯದೇ ಆಯಿತು ಎಂದೇ ಅವಳು ಹೇಳುತ್ತಾಳೆ. ರಾತ್ರಿ ಹೆರಿಗೆ ನೋವು ಬಂದಾಗ ದೋಣಿಯವನನ್ನು ಎಬ್ಬಿಸಲು ದಡದಿಂದ ಕೂಗಿದ್ದು, ಗಾಳಿಗೆ ಆ ಕೂಗು ಹಿಂದಕ್ಕೇ ಬಂದದ್ದು ಅವಳದೇ ಮನೆಯ ಅನುಭವ. ಆದರೆ ಮಾತು ಮುಗಿಸುವಾಗ, ಈಗ ಆಚೆಯವರು ಯಾರು ಬಂದರು ಯಾರು ಹೋದರು ಎಂಬುದೇ ಗೊತ್ತಾಗುವುದಿಲ್ಲ ಎಂದೂ ಸೇರಿಸುತ್ತಾಳೆ. ದೋಣಿಯಲ್ಲಿ ಎದುರುಬದುರು ಕುಳಿತವರು ಹತ್ತು ನಿಮಿಷ ಬೇರೆಲ್ಲಿಯೂ ನೋಡಲು ಸಾಧ್ಯವಿಲ್ಲದೆ ಮಾತಾಡಿಕೊಳ್ಳುತ್ತಿದ್ದರು. ಕುಮಟೆ ಮತ್ತು ಗೋಕರ್ಣ ಸೀಮೆಯ ಎಷ್ಟು ಮದುವೆಗಳ ಮೊದಲ ಮಾತು ಹಾಗೆ ಹುಟ್ಟಿದೆಯೋ. ಅಘನಾಶಿನಿ ಮತ್ತು ತದಡಿಯ ನಡುವೆಯೂ ಸೇತುವೆ ಬರಲಿ ಎಂದು ಸಹಿ ಹಾಕಿದವರಲ್ಲಿ ನಾನೂ ಒಬ್ಬಳು. ಹೆರಿಗೆಯ ಮುಂದೆ ಮದುವೆಯ ಮಾತು ದೊಡ್ಡದಲ್ಲ.

ದೊಡ್ಡ ರಸ್ತೆಯೇ ಗಟ್ಟಿ ಎಂಬ ನಂಬಿಕೆ 2024ರ ಮಳೆಗಾಲದಲ್ಲಿ ಅಲುಗಾಡಿತು. ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನ ಬಳಿ ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದವರನ್ನು ಗಂಗಾವಳಿ ಹೊಳೆಗೆ ತಳ್ಳಿತು. ಎದ್ದ ಅಲೆ ಆಚೆ ದಡದ ಉಳುವರೆಯ ಮನೆಗಳನ್ನೂ ಬಡಿಯಿತು. ರಾಷ್ಟ್ರೀಯ ಹೆದ್ದಾರಿ 66 ಹಲವು ದಿನ ಕಡಿದು ಬಿತ್ತು. ಮೂರು ವಾರ ಕಳೆದು ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ಹೊಳೆಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು. ಆ ದಿನಗಳಲ್ಲಿ ಒಳಗಿನ ರಸ್ತೆಗಳ ಹೆಸರು, ಯಾವ ತಿರುವಿನಲ್ಲಿ ಎಷ್ಟು ದೊಡ್ಡ ಗಾಡಿ ಹೋಗುತ್ತದೆ ಎಂಬ ವಿಚಾರ ಎಲ್ಲರ ಬಾಯಲ್ಲಿಯೂ ಇತ್ತು. ಗುಡ್ಡದ ಬುಡವನ್ನು ನೆಟ್ಟಗೆ ಕಡಿದರೆ ಮೇಲಿನ ಕೆಮ್ಮಣ್ಣು ನೀರು ಕುಡಿದು ಜಾರುತ್ತದೆ ಎಂಬುದು ಅಪ್ಪನಂಥವರಿಗೆ ಹೊಸ ಸಂಗತಿಯಲ್ಲ. ಟಿ.ವಿ.ಯಲ್ಲಿ ಅದನ್ನು ನೋಡುತ್ತ ಅವನು ಒಂದೇ ಪ್ರಶ್ನೆ ಕೇಳಿದ: “ಮೇಲ್ಗಡೆ ಗಟಾರ ಇತ್ತಾ?”

ನಮ್ಮ ಮನೆಯ ಮುಂದಿನ ಗಟಾರದ ಕತೆಯೂ ಅದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ. ಕೆಲವು ವರ್ಷಗಳ ಹಿಂದೆ ರಸ್ತೆಯನ್ನು ಅಗಲ ಮಾಡುವ ಕಾಮಗಾರಿ ಬಂತು. ಗುತ್ತಿಗೆದಾರರ ಜೆಸಿಬಿ ಎರಡೇ ದಿನದಲ್ಲಿ ನಮ್ಮ ಕಡೆಯ ಗಟಾರಕ್ಕೆ ಮಣ್ಣು ತುಂಬಿ, ಅದರ ಮೇಲೆಯೇ ಡಾಂಬರು ಹಾಸಿತು. ಹೊಸ ರಸ್ತೆ ಕನ್ನಡಿಯಂತಿತ್ತು, ಅಳತೆಯ ಪುಸ್ತಕದಲ್ಲಿ ಅಗಲವೂ ಸರಿಯಾಗಿಯೇ ಇದ್ದಿರಬೇಕು. ಗಟಾರ ಮುಂದಿನ ಹಂತದಲ್ಲಿ ಎಂದರು. ಮುಂದಿನ ಹಂತಕ್ಕೆ ಮೊದಲು ಜೂನ್ ಬಂತು. ಗುಡ್ಡದ ನೀರಷ್ಟೂ ನಮ್ಮ ಅಂಗಳಕ್ಕೆ ತಿರುಗಿ, ತುಳಸಿಕಟ್ಟೆಯನ್ನು ಸುತ್ತಿ, ಅಡುಗೆಮನೆಯ ಹೊಸ್ತಿಲು ದಾಟಿತು. ಆಯಿ ಅಕ್ಕಿಯ ಡಬ್ಬಿಯನ್ನು ಮಂಚದ ಮೇಲಿಟ್ಟು ಅದರ ಪಕ್ಕ ರಾತ್ರಿಯಿಡೀ ಕುಳಿತಿದ್ದಳಂತೆ. ನಾನು ಅರ್ಜಿ ಬರೆದೆ, ಒಂದು ಕಚೇರಿಯವರು ಇನ್ನೊಂದು ಕಚೇರಿ ತೋರಿಸಿದರು, ಫೋಟೋ ತೆಗೆದುಕೊಂಡು ಹೋದರು. ಗ್ಯಾಂಗ್ ಎಂಬ ವ್ಯವಸ್ಥೆ ಸವೆದುಹೋಗಿ, ಕೆಲಸವೆಲ್ಲ ತುಂಡು ಗುತ್ತಿಗೆಯಾದ ಮೇಲೆ ಒಂದು ಕಿಲೋಮೀಟರನ್ನು ತನ್ನದು ಎನ್ನುವ ಮನುಷ್ಯನೇ ಇಲ್ಲ. ನಾನು ಹಳೆಯದನ್ನು ಹೊಗಳುತ್ತಿಲ್ಲ. ಅಪ್ಪನಿಗೆ ವರ್ಷಗಟ್ಟಲೆ ಖಾಯಂ ಆಗದೆ ಸಿಕ್ಕ ದಿನಗೂಲಿ ಎಷ್ಟೆಂದು ನಮಗೆ ಗೊತ್ತು. ಆದರೂ ಅರ್ಜಿಯ ಮೇಲೆ ಯಾರ ವಿಳಾಸ ಬರೆಯಬೇಕೆಂದು ತಿಳಿಯದೆ ಕುಳಿತಾಗ, ಭಾನುವಾರ ಬೇರೆಯವರ ಕೇರಿಗೆ ಸಲಿಕೆ ಹೊತ್ತುಕೊಂಡು ಹೋಗುತ್ತಿದ್ದವನ ನೆನಪಾಗದೇ ಇರಲಿಲ್ಲ.

ಆ ಮಳೆ ಹೊಳವಾದ ಮಧ್ಯಾಹ್ನ ನಾನು ಊರಿನಲ್ಲಿದ್ದೆ. ಎಂಬತ್ತು ದಾಟಿದ ಅಪ್ಪ ಕೊಟ್ಟಿಗೆಯಿಂದ ಸಲಿಕೆ ತಂದು, ಬೇಡವೆಂದರೂ ಕೇಳದೆ, ಹೊಸ ಡಾಂಬರಿನ ಅಂಚಿನಿಂದ ಮೋರಿಯವರೆಗೆ ಓರೆಯಾಗಿ ಒಂದು ಕಾಲುವೆ ಕಡಿಯತೊಡಗಿದ. ಮೂರು ಸಲಿಕೆಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದ. ನಾನು ಹೆಡಿಗೆಯಲ್ಲಿ ಮಣ್ಣು ಹೊತ್ತೆ, ಬದಿಗೆ ಹಾಕಲಿಲ್ಲ. ಮೊದಲು ನೀರು ಕದಲಲೇ ಇಲ್ಲ, ಅಂಗಳದಲ್ಲಿಯೂ ಕಾಲುವೆಯಲ್ಲಿಯೂ ಒಂದೇ ಮಟ್ಟಕ್ಕೆ ನಿಂತಿತು. ನಮ್ಮ ಶ್ರಮ ವ್ಯರ್ಥವಾಯಿತೆಂದು ನಾನು ಅಂದುಕೊಂಡೆ. ಅಪ್ಪ ಸಲಿಕೆಯ ಹಿಡಿಯ ಮೇಲೆ ಗಲ್ಲ ಊರಿ ಕಾಯುತ್ತ ನಿಂತಿದ್ದ. ಸ್ವಲ್ಪ ಹೊತ್ತಿನ ಮೇಲೆ ಗೇರಿನ ಎಲೆಯೊಂದು ಮೆಲ್ಲಗೆ ಮೋರಿಯ ಕಡೆಗೆ ಹೊರಟಿತು, ಅದರ ಹಿಂದೆ ಇನ್ನೊಂದು, ಆಮೇಲೆ ಸದ್ದು ಮಾಡುತ್ತ ಅಂಗಳದ ಕೆಂಪುನೀರೆಲ್ಲ ಹರಿಯಿತು. ಅಷ್ಟರಲ್ಲಿ ಬೈಕಿನಲ್ಲಿ ಬಂದ ಹುಡುಗನೊಬ್ಬ ನಿಧಾನಿಸಿ ಕೇಳಿದ: “ಅಜ್ಜಾ, ತಾರಿ ಅದ್ಯಾ?”

ಅಪ್ಪ ತಲೆಯೆತ್ತಲಿಲ್ಲ, ಕಾಲುವೆಯನ್ನೇ ನೋಡುತ್ತಿದ್ದ. “ಅದೆ ತಮಾ, ಬೇಗ ಹೋಗು. ಹೊಳೆ ಇಳೂಕೆ ಶುರುವಾಯ್ತು. ದಂಡೆ ಕೆಸರಾಗೂಕೆ ಮುಂಚೆ ಬೈಕ್ ಹತ್ಸು.”